ಸಂಪರ್ಕಕ್ಕೊಂದು ಹಲ್ಲು

“ಭಾವ, ನಿಮಗೆ ಗೊತ್ತಿರೋದು ಬರೀ ಜನರ ಹಿಂಭಾಗ. ಮುಖದ ಪರಿಚಯಾನೇ ಇಲ್ಲ. ಹೀಗಾದ್ರೆ ವ್ಯಾಪಾರ ನಡೆಯುತ್ತಾ, ನೀವೇ ಹೇಳಿ?”

ಬಾಮೈದ ಈ ಮಾತು ಆಡಿದ್ದು ಅವಮಾನ ಮಾಡುವ ಉದ್ದೇಶದಿಂದಲ್ಲ. ಅದು ಅಕ್ಷರಶಃ ನಿಜವಾಗಿತ್ತು. ಅವನ ಭಾವ ಕುರ್ಚಿ ರಿಪೇರಿ ಮಾಡುವವನು. ಆಫೀಸುಗಳಲ್ಲಿ ಗಿರಗಿರ ತಿರುಗುವ, ಮೇಲೆ ಕೆಳಗೆ ಆಗುವ, ಗಾಲಿಯ ಮೇಲೆ ಓಡಾಡುವ ಕುರ್ಚಿಗಳಿರುತ್ತವಲ್ಲ, ಅವುಗಳ ವೈದ್ಯ. ಕೈಯಲ್ಲಿ ಯಾವಾಗಲೂ ಒಂದು ಗಾಲಿ ಹಿಡಿದುಕೊಂಡೇ ತಿರುಗುತ್ತಿದ್ದುದರಿಂದ ಬೀದಿಯವರು ಅವನಿಗೆ ಚಕ್ರಪಾಣಿ ಎಂದು ಹೆಸರಿಟ್ಟು, ನಿಜವಾದ ಹೆಸರನ್ನು ಮರೆತೇಬಿಟ್ಟಿದ್ದರು. ಅವನೂ ಒಂದೆರಡು ಸಲ ಸಹಿ ಮಾಡುವಾಗ ಚಕ್ರಪಾಣಿ ಎಂದೇ ಬರೆದು ನಾಲಗೆ ಕಚ್ಚಿಕೊಂಡದ್ದುಂಟು.

ಕುರ್ಚಿ ಖಾಲಿಯಿದ್ದಾಗಲೇ ಅವನಿಗೆ ಕೆಲಸ. ಹಾಗಾಗಿ ಕುರ್ಚಿಯ ಯಜಮಾನರನ್ನು ಅವನು ನೋಡಿದವನೇ ಅಲ್ಲ. ಸೀಟಿನ ಎಡಭಾಗ ಕುಸಿದಿದ್ದರೆ ಈ ಮನುಷ್ಯನಿಗೆ ಫೋನಿನ ಚಟ, ಮುಂದಿನ ಅಂಚು ಮಾತ್ರ ಸವೆದಿದ್ದರೆ ಮೇಲಧಿಕಾರಿಯ ಹೆದರಿಕೆ, ಬೆನ್ನಿನ ದಿಂಬಿಗೆ ಎಣ್ಣೆಯ ಗುರುತು ಬಿದ್ದಿದ್ದರೆ ಮಧ್ಯಾಹ್ನದ ನಿದ್ದೆ ಎಂದು ಅವನು ತನಗೆ ತಾನೇ ತೀರ್ಮಾನ ಮಾಡಿಕೊಳ್ಳುತ್ತಿದ್ದ. ಆ ತೀರ್ಮಾನಗಳು ಸರಿಯೋ ತಪ್ಪೋ ಇಂದಿಗೂ ಗೊತ್ತಿಲ್ಲ. ಯಾಕೆಂದರೆ ಅವನು ಯಾರನ್ನೂ ಕೇಳಿರಲಿಲ್ಲ.

ಇಷ್ಟು ವರ್ಷ ಅವನ ಸಂಸಾರ ಸಾಗಿದ್ದು ಒಬ್ಬ ಸ್ಟೋರ್ ಕೀಪರ್‌ನಿಂದ. ದೊಡ್ಡ ಆಫೀಸಿನ ಆ ಪುಣ್ಯಾತ್ಮರು ಕುರ್ಚಿ ಕಿರ್ ಅಂದರೆ ಸಾಕು, ಫೋನು ಮಾಡಿಬಿಡುತ್ತಿದ್ದರು. ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಮುರಿದ ಕುರ್ಚಿಯನ್ನು ಗುಜರಿಗೆ ಹಾಕಿ ಹೊಸದು ತರಿಸುವ ಪೈಕಿ. ಅಂದಿನಿಂದ ಚಕ್ರಪಾಣಿಯ ಫೋನು ಮೌನವ್ರತ ಹಿಡಿಯಿತು. ಅವನ ಹೆಂಡತಿ ಅದೇ ಶೆಡ್ಡಿನ ಮುಂಭಾಗದಲ್ಲಿ ಮಿಷಿನ್ ಇಟ್ಟುಕೊಂಡು ಸೀಟಿನ ಕವರು ಹೊಲಿಯುತ್ತಿದ್ದವಳು, ಈಗ ಬೀದಿಯವರ ದಿಂಬಿನ ಚೀಲ ಹೊಲಿಯುತ್ತಿದ್ದಳು.

“ನನ್ನ ಗೋಡೌನ್ ನೋಡ್ಕೊಳ್ಳೋನು ಈ ತಿಂಗಳ ಕೊನೆಗೆ ಬಿಡ್ತಿದ್ದಾನೆ,” ಎಂದ ಬಾಮೈದ. ಅವನದು ನಲ್ಲಿ, ಬೇಸಿನ್, ಕಮೋಡುಗಳ ಅಂಗಡಿ. “ಒಂದನೇ ತಾರೀಕಿಂದ ನೀವೇ ಬಂದ್ಬಿಡಿ ಭಾವ. ಕೆಲಸ ಏನೂ ಇಲ್ಲ, ಬಂದ ಕಮೋಡ್ ಎಣಿಸೋದು, ಹೋದ ಕಮೋಡ್ ಎಣಿಸೋದು.”

ಜನ ಕೂರುವ ಸಾಮಾನಿನ ಸೇವೆಯಲ್ಲೇ ಆಯಸ್ಸು ಕಳೆದವನಿಗೆ ಕೊನೆಗಾಲಕ್ಕೆ ಈ ಬಗೆಯ ಆಸನಗಳು ಗತಿಯಾಗುತ್ತವೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ. ಚಕ್ರಪಾಣಿ ಕೈಯಲ್ಲಿದ್ದ ಗಾಲಿಯನ್ನು ಬೆರಳಿನಿಂದ ಒಮ್ಮೆ ತಿರುಗಿಸಿದ.

“ಇನ್ನೊಂದು ಸಣ್ಣ ವಿಷಯ,” ಬಾಮೈದ ಗಂಟಲು ಸರಿಮಾಡಿಕೊಂಡ. “ಅಂಗಡೀಲಿ ಎಲ್ಲರೂ ನನ್ನ ಸರ್ ಅಂತಾರೆ. ನೀವೂ ಅಲ್ಲಿ ಮಾತ್ರ... ಮನೇಲಿ ಬೇಡ, ಮನೇಲಿ ನೀವು ನನಗೆ ಭಾವಾನೇ... ಅಲ್ಲಿ ಮಾತ್ರ. ಶಿಸ್ತು ನೋಡಿ.”

ಮಿಷಿನ್ ನಿಂತಿತು. “ಸರ್ ಅಂತೆ! ಚಡ್ಡಿಗೆ ಗುಂಡಿ ಹಾಕ್ಕೊಳ್ಳೋಕೆ ಬರ್ತಿರ್ಲಿಲ್ಲ, ಇವರೇ ಹಾಕಿ ಶಾಲೆಗೆ ಕಳಿಸ್ತಿದ್ರು,” ಎಂದಳು ಹೆಂಡತಿ. ಆಮೇಲೆ ಗಂಡನ ಕಡೆ ತಿರುಗಿ, “ರೀ, ತಿಂಗಳ ಕೊನೇವರೆಗೂ ನೋಡೋಣ. ಅಷ್ಟರೊಳಗೆ ಕೈತುಂಬ ಕೆಲಸ ಕೊಡೋ ಗಿರಾಕಿ ಒಬ್ಬರು ಸಿಕ್ಕಿದ್ರೆ ಸರಿ. ಇಲ್ಲ ಅಂದ್ರೆ ಷಟರ್ ಎಳೆದು ಇವನ ಕಮೋಡ್ ಎಣಿಸಿ. ದಿಂಬಿನ ಚೀಲ ಹೊಲಿದು ನನಗೂ ಸಾಕಾಗಿದೆ,” ಎಂದಳು.

ಗಿರಾಕಿ ಸಿಗುವುದು ಹೇಗೆ? ಅದಕ್ಕೂ ಬಾಮೈದನ ಬಳಿ ಉತ್ತರವಿತ್ತು. ಅವನು ಇತ್ತೀಚೆಗೆ ‘ಸಂಪರ್ಕವೇ ಸಂಪತ್ತು’ ಎಂಬ ಶಿಬಿರಕ್ಕೆ ಹೋಗಿ ಬಂದಿದ್ದ. ಅಲ್ಲಿಂದ ಬಂದ ಮೇಲೆ ಅವನು ಯಾರ ಕೈ ಹಿಡಿದರೂ ಬಿಡುವುದು ತಡವಾಗುತ್ತಿತ್ತು.

“ಭಾವ, ಎಲ್ಲರೂ ಮಾಡೋ ತಪ್ಪು ಯಾವುದು ಗೊತ್ತಾ? ಹೋದ ತಕ್ಷಣ ಕೆಲಸ ಕೊಡಿ ಅನ್ನೋದು. ಅನ್ನಲೇಬಾರದು! ಮೊದಲು ಸಂಬಂಧ ಬೆಳೆಸ್ಬೇಕು. ಅವರ ಬಗ್ಗೆ ಕೇಳ್ಬೇಕು, ಮನಸ್ಸಿಟ್ಟು ಕೇಳ್ಬೇಕು. ನಿಮ್ಮ ಬಗ್ಗೆ ಬಾಯೇ ಬಿಡಬಾರದು.”

“ಅವರಾಗೇ ಯಾಕೆ ಬಂದ್ರಿ ಅಂತ ಕೇಳಿದ್ರೆ?”

“ಏನೂ ಬೇಕಾಗಿಲ್ಲ, ನಿಮ್ಮ ಬಗ್ಗೆ ತಿಳ್ಕೊಳ್ಳೋಣ ಅಂತ ಬಂದೆ ಅನ್ನಿ.”

“ಮತ್ತೆ ಕುರ್ಚಿ ವಿಷಯ ಯಾವಾಗ ಹೇಳೋದು?”

“ಸಂಬಂಧ ಹಣ್ಣಾದಾಗ.”

“ಹಣ್ಣಾಯ್ತು ಅಂತ ಹೇಗೆ ಗೊತ್ತಾಗುತ್ತೆ? ಒತ್ತಿ ನೋಡ್ಬೇಕಾ?”

“ತಾನಾಗೇ ಗೊತ್ತಾಗುತ್ತೆ ಭಾವ,” ಎಂದು ಬಾಮೈದ ಕಣ್ಣು ಮುಚ್ಚಿ ಹೇಳಿದ. ಶಿಬಿರದಲ್ಲಿಯೂ ಈ ಪ್ರಶ್ನೆಗೆ ಹೀಗೆಯೇ ಕಣ್ಣು ಮುಚ್ಚಿ ಉತ್ತರಿಸಿದ್ದರೆಂದು ಕಾಣುತ್ತದೆ.

ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸುವುದು ಚಕ್ರಪಾಣಿಯ ಸ್ವಭಾವ. ‘ಇಷ್ಟೇ ಬಿಗಿ ಮಾಡು’ ಎಂದರೆ ಬೋಲ್ಟನ್ನು ಅಷ್ಟೇ ಬಿಗಿ ಮಾಡುವವನು. ಮರುದಿನ ಬೆಳಿಗ್ಗೆ ಇಸ್ತ್ರಿ ಶರಟು ತೊಟ್ಟು, ಹೆಂಡತಿ ಗಾಲಿಯನ್ನು ಕೈಯಿಂದ ಕಿತ್ತುಕೊಂಡ ಮೇಲೆ ಬರಿಗೈಯಲ್ಲಿ ಹೊರಟ. ಮುಖ್ಯರಸ್ತೆಯಲ್ಲಿ ಒಂದು ಮೂರಂತಸ್ತಿನ ಕಟ್ಟಡ. ಕೆಳಗೆ ಬ್ಯಾಂಕು, ನಡುವೆ ಹಲ್ಲಿನ ಡಾಕ್ಟರು, ಮೇಲೆ ವಕೀಲೆ. ಒಂದೇ ಮೆಟ್ಟಿಲಲ್ಲಿ ಮೂರು ಸಂಬಂಧ ಬೆಳೆಸಬಹುದಲ್ಲ ಎಂಬುದು ಅವನ ಲೆಕ್ಕಾಚಾರ.

ಬ್ಯಾಂಕ್ ಮ್ಯಾನೇಜರು ಕೊಠಡಿಯಲ್ಲಿ ಒಬ್ಬರೇ ಇದ್ದರು. ಚಕ್ರಪಾಣಿ ಒಳಗೆ ಹೋಗಿ ಎದುರಿಗೆ ಕೂತ.

“ಹೇಳಿ. ಸಾಲಾನಾ?”

“ಇಲ್ಲ ಸರ್.”

“ಠೇವಣಿ?”

“ಇಲ್ಲ ಸರ್.”

“ದೂರು?” ಮ್ಯಾನೇಜರು ಹಿಂದಕ್ಕೆ ಒರಗಿದರು. ಅವರ ಕುರ್ಚಿ ಕೀಂ... ಎಂದು ಬೆಕ್ಕಿನ ಮರಿಯ ಹಾಗೆ ಕೂಗಿತು. ಚಕ್ರಪಾಣಿ ಬಗ್ಗಿ ಮೇಜಿನಡಿ ಇಣುಕಿದ. ಒಂದು ತೊಟ್ಟು ಎಣ್ಣೆ, ಒಂದೇ ತೊಟ್ಟು! ಬಾಯಿಗೆ ಬಂದ ಮಾತನ್ನು ನುಂಗಿ, ಕಣ್ಣನ್ನು ಬಲವಂತದಿಂದ ಮ್ಯಾನೇಜರ ಮುಖಕ್ಕೆ ಎತ್ತಿ ಕೇಳಿದ:

“ಏನೂ ಬೇಕಾಗಿಲ್ಲ ಸರ್. ನಿಮ್ಮ ಬಗ್ಗೆ ತಿಳ್ಕೊಳ್ಳೋಣ ಅಂತ ಬಂದೆ. ಚಿಕ್ಕವರಿದ್ದಾಗ ನೀವು ಏನಾಗಬೇಕು ಅಂದ್ಕೊಂಡಿದ್ರಿ?”

ಬ್ಯಾಂಕಿನ ಮ್ಯಾನೇಜರನ್ನು ದಿನಕ್ಕೆ ಹತ್ತಾರು ಜನ ಹತ್ತಾರು ವಿಷಯ ಕೇಳುತ್ತಾರೆ. ಇದನ್ನು ಕೇಳಿದವರು ಯಾರೂ ಇರಲಿಲ್ಲ. ಮ್ಯಾನೇಜರು ಎದ್ದು ಬಾಗಿಲು ಮುಚ್ಚಿದರು. ಏನೂ ಬೇಡವೆನ್ನುವ ಮನುಷ್ಯ ಬ್ಯಾಂಕಿಗೆ ಬರುತ್ತಾನೆಯೇ? ಇವನು ಕೇಂದ್ರ ಕಚೇರಿಯಿಂದ ವೇಷ ಮರೆಸಿಕೊಂಡು ಬಂದ ತನಿಖಾಧಿಕಾರಿಯೇ ಸರಿ! ಈಗೀಗ ಅಲ್ಲಿ ಮನಸ್ಸಿನ ಪರೀಕ್ಷೆಯನ್ನೂ ಮಾಡುತ್ತಾರಂತೆ. ಅವರು ಫೋನೆತ್ತಿ ಎರಡು ಟೀ ಹೇಳಿದರು.

“ಸತ್ಯ ಹೇಳ್ಬೇಕು ಅಂದ್ರೆ... ಫುಟ್‌ಬಾಲ್ ರೆಫರಿ.”

“ಆಟಗಾರ ಅಲ್ವಾ?” ಚಕ್ರಪಾಣಿ ಮುಂದಕ್ಕೆ ಬಾಗಿದ. ಇದು ಶಿಬಿರದ ಕುತೂಹಲವಲ್ಲ, ಸ್ವಂತದ್ದು.

“ಅಲ್ಲ. ಇಪ್ಪತ್ತೆರಡು ಜನ ಓಡ್ತಿರ್ತಾರೆ, ಒಂದು ಪೀಪಿ ಊದಿದ್ರೆ ಎಲ್ಲರೂ ನಿಲ್ತಾರೆ ನೋಡಿ! ಅದು!” ಮ್ಯಾನೇಜರು ಮೇಜಿನ ಖಾನೆ ಎಳೆದು, ಅತ್ತಿತ್ತ ನೋಡಿ, ಒಂದು ಹಿತ್ತಾಳೆಯ ಪೀಪಿ ತೆಗೆದು ತೋರಿಸಿದರು. “ಒಂದ್ಸಲ ಸೆಮಿಫೈನಲ್‌ನಲ್ಲಿ ಏನಾಯ್ತು ಅಂದ್ರೆ...”

ಅಷ್ಟರಲ್ಲಿ ಕ್ಯಾಷಿಯರು ಬಾಗಿಲು ಬಡಿದ. ಕಥೆ ಅಲ್ಲಿಗೇ ನಿಂತಿತು. ಚಕ್ರಪಾಣಿ ನಮಸ್ಕಾರ ಹೇಳಿ ಮೇಲಕ್ಕೆ ಹತ್ತಿದ. ಹೊರಟವನ ಹಿಂದೆ ಮ್ಯಾನೇಜರು ಕ್ಯಾಷಿಯರಿಗೆ, “ಇವತ್ತು ಯಾರೂ ಬೇಗ ಮನೆಗೆ ಹೋಗೋ ಹಾಗಿಲ್ಲ,” ಎಂದು ಪಿಸುಗುಟ್ಟಿದ್ದು ಅವನಿಗೆ ಕೇಳಿಸಲಿಲ್ಲ.

ವಕೀಲೆಯ ಕೋಣೆಯಲ್ಲಿ ಮರದ ಕುರ್ಚಿಗಳು. ಅವು ಅವನ ವ್ಯಾಪ್ತಿಗೆ ಬಾರದ ಜಾತಿಯವಾದ್ದರಿಂದ ಮನಸ್ಸು ಚಂಚಲವಾಗಲಿಲ್ಲ. ವಕೀಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದರು.

“ಯಾರ ಮೇಲೆ ಕೇಸು?”

“ಯಾರ ಮೇಲೂ ಇಲ್ಲ ಮೇಡಂ.”

“ಹಾಗಾದ್ರೆ ನಿಮ್ಮ ಮೇಲೆ ಯಾರು ಹಾಕಿದ್ದಾರೆ?”

“ಯಾರೂ ಇಲ್ಲ. ನನಗೇನೂ ಬೇಕಾಗಿಲ್ಲ. ಸುಮ್ನೆ ನಿಮ್ಮ ಬಗ್ಗೆ ತಿಳ್ಕೊಳ್ಳೋಣ ಅಂತ.”

ವಕೀಲೆ ಪೆನ್ನು ಕೆಳಗಿಟ್ಟರು. ಬಾಯಿಬಿಡಲಾರದ ಕಕ್ಷಿದಾರರನ್ನು ಅವರು ಬೇಕಾದಷ್ಟು ನೋಡಿದ್ದರು. ಬಾಯಿಬಿಡಲಾರದ ಗಂಡಸು ಎಂದರೆ ಅದು ಒಂದೇ ಬಗೆಯ ಕೇಸು.

“ಮದುವೆ ಆಗಿದೆಯಾ?”

“ಆಗಿದೆ ಮೇಡಂ.”

“ನೀವು ಇಲ್ಲಿಗೆ ಬಂದಿರೋದು ಮನೆಯವರಿಗೆ ಗೊತ್ತಾ?”

“ಬೆಳಿಗ್ಗೆ ಹೊರಟಿದ್ದು ಗೊತ್ತು. ವಕೀಲರ ಹತ್ರ ಬಂದಿದ್ದು ಗೊತ್ತಿಲ್ಲ.”

“ಅದೇ ಅಂದ್ಕೊಂಡೆ,” ವಕೀಲೆಯ ದನಿ ತಾಯಿಯ ದನಿಯಾಯಿತು. “ಅವಸರ ಬೇಡ. ನೀವು ಸಿದ್ಧ ಆದಾಗ ಹೇಳಿ. ನಾನು ಯಾರಿಗೂ ಹೇಳಲ್ಲ.”

ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡ ಚಕ್ರಪಾಣಿ. ಕೇಳದೆಯೇ ಸಂಬಂಧ ಹಣ್ಣಾಗುವವರೆಗೂ ಕಾಯುತ್ತೇನೆಂದು ಹೇಳುತ್ತಿದ್ದಾರಲ್ಲ! ಆ ಉತ್ಸಾಹದಲ್ಲಿ ಅವರು ಸೋತ ಕೇಸುಗಳಲ್ಲಿ ಯಾವುದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆಂದು ಕೇಳಿದ. ವಕೀಲೆ ನಕ್ಕರು. ನಕ್ಕು ನಕ್ಕು ಕನ್ನಡಕ ಒರೆಸಿಕೊಂಡು, ಕೋಳಿಯೊಂದನ್ನು ಸಾಕ್ಷಿಯಾಗಿ ಕರೆತಂದ ಕಥೆ ಶುರುಮಾಡಿದರು. ಅದನ್ನೂ ಮುಗಿಸಲಾಗಲಿಲ್ಲ, ಕೋರ್ಟಿಗೆ ಹೊತ್ತಾಗಿತ್ತು.

ವಕೀಲೆ ಮಾತು ಕೊಟ್ಟಂತೆ ಯಾರಿಗೂ ಹೇಳಲಿಲ್ಲ. ಹೊರಗೆ ಕೂತಿದ್ದ ಅವರ ಗುಮಾಸ್ತ ಮಾತು ಕೊಟ್ಟಿರಲಿಲ್ಲ. ಆ ಗುಮಾಸ್ತ ಚಕ್ರಪಾಣಿಯ ಎದುರುಮನೆ ಅಜ್ಜಿಯ ಮೊಮ್ಮಗ. ಅಜ್ಜಿಯ ಕಿವಿಗೆ ಬಿದ್ದ ಸುದ್ದಿ ಬೀದಿಯ ಕೊನೆ ಮುಟ್ಟಲು, ಅಜ್ಜಿ ಚಪ್ಪಲಿ ಹಾಕಿಕೊಳ್ಳಲು ತೆಗೆದುಕೊಳ್ಳುವಷ್ಟು ಸಮಯ ಸಾಕು.

ಇತ್ತ ಚಕ್ರಪಾಣಿ ನಡುವಿನ ಅಂತಸ್ತಿಗೆ ಇಳಿದ. ಹಲ್ಲಿನ ಡಾಕ್ಟರನ್ನು ನೋಡಬೇಕಾದರೆ ಆ ಕುರ್ಚಿಯ ಮೇಲೆ ಮಲಗದೆ ಬೇರೆ ದಾರಿಯಿರಲಿಲ್ಲ. ಅದನ್ನು ಕಂಡು ಅವನು ಒಂದು ಕ್ಷಣ ಕೈಮುಗಿಯುವಂತಾದ. ಕಾಲಿನಿಂದ ಒತ್ತಿದರೆ ಏಳುತ್ತದೆ, ಕೈಯಿಂದ ಒತ್ತಿದರೆ ಮಲಗುತ್ತದೆ, ತಲೆಗೊಂದು ದಿಂಬು, ಮೇಲೊಂದು ದೀಪ. ಕುರ್ಚಿಗಳ ಚಕ್ರವರ್ತಿ! ಪರವಶನಾಗಿ ಮಲಗಿದ.

“ಯಾವ ಹಲ್ಲು?” ಎಂದರು ಡಾಕ್ಟರು.

ಯಾವ ಹಲ್ಲೂ ಇಲ್ಲ ಎಂದರೆ ಯಾಕೆ ಬಂದೆ ಎನ್ನುತ್ತಾರೆ. ಯಾಕೆ ಬಂದೆನೆಂದು ಹೇಳುವಂತಿಲ್ಲ. ಚಕ್ರಪಾಣಿ ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಟ್ಟ.

“ಡಾಕ್ಟ್ರೇ, ನಿಮಗೆ ಯಾವ ಹಲ್ಲು ಅಂದ್ರೆ ಇಷ್ಟ?”

ಡಾಕ್ಟರ ಕೈಯಲ್ಲಿದ್ದ ಕನ್ನಡಿ ಗಾಳಿಯಲ್ಲೇ ನಿಂತಿತು. “ಇಷ್ಟ ಅಂದ್ರೆ?”

“ಎಲ್ಲಾ ಹಲ್ಲೂ ಒಂದೇ ಅಲ್ವಲ್ಲ. ಮನಸ್ಸಿಗೆ ಹತ್ತಿರವಾದದ್ದು ಒಂದು ಇರುತ್ತಲ್ಲ.”

“ಯೋಚನೆ ಮಾಡಿಲ್ವಲ್ಲ...” ಡಾಕ್ಟರು ಗೋಡೆಯ ಮೇಲಿನ ದವಡೆಯ ಚಿತ್ರವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ಕರ್ತವ್ಯ ನೆನಪಾಗಿ, “ಬಾಯಿ ತೆಗೀರಿ,” ಎಂದರು. ಬಾಯಿ ತೆಗೆದ ಮೇಲೆ ಸಂಬಂಧ ಬೆಳೆಸುವ ಕೆಲಸ ಒಂದೇ ಕಡೆಯಿಂದ ನಡೆಯಿತು. “ಅಯ್ಯೋ, ಬಲಗಡೆ ಹಿಂದಿನದು ಪೂರ್ತಿ ಹುಳುಕು ಹಿಡಿದಿದೆ! ಇಷ್ಟು ದಿನ ಹೇಗ್ರೀ ಸಹಿಸ್ಕೊಂಡ್ರಿ? ಇದನ್ನ ಇಟ್ಕೊಂಡು ಪ್ರಯೋಜನ ಇಲ್ಲ. ತೆಗೆದುಬಿಡ್ಲಾ?”

“ಆಂ... ಆಂ...” ಎಂದ ಚಕ್ರಪಾಣಿ. ಬೇಡ ಎಂಬುದು ಅದರ ಅರ್ಥ. ಹಲ್ಲಿನ ಡಾಕ್ಟರುಗಳು ಆ ಭಾಷೆಯನ್ನು ಹೌದು ಎಂದೇ ಓದುತ್ತಾರೆ.

ಸಂಪರ್ಕಕ್ಕಾಗಿ ಜನ ಹೊತ್ತು ಕಳೆದಿದ್ದಾರೆ, ನಿದ್ದೆ ಕೆಟ್ಟಿದ್ದಾರೆ. ಮೊದಲ ದಿನವೇ ಹಲ್ಲು ಕೊಟ್ಟವನು ಇವನೊಬ್ಬನೇ ಇರಬೇಕು. ಸಂಜೆವರೆಗೂ ಬಾಯಿ ತೆಗೆಯಬಾರದೆಂಬ ಡಾಕ್ಟರ ಮಾತಿನಂತೆ ಬಾಯಿತುಂಬ ಹತ್ತಿ ಕಚ್ಚಿಕೊಂಡು, ಬಲಗೆನ್ನೆ ಚೆಂಡಿನ ಹಾಗೆ ಊದಿಸಿಕೊಂಡು ಅವನು ಬೀದಿಗೆ ಬರುವ ಹೊತ್ತಿಗೆ ಎದುರುಮನೆ ಅಜ್ಜಿ ಬಾಗಿಲಲ್ಲೇ ನಿಂತಿದ್ದರು.

“ಅಯ್ಯೋ, ಚಕ್ರಪಾಣಿ! ಕೆನ್ನೆಗೆ ಏನಾಯ್ತೋ?”

“ಮ್ಮ್,” ಎಂದು ಅವನು ಕೈಯಾಡಿಸಿದ.

“ಬಾಯಿಬಿಟ್ಟು ಹೇಳೋಕೂ ಆಗದಂಗೆ ಹೊಡೆದ್ಳಾ?” ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. ವಕೀಲರ ಆಫೀಸಿನ ಸುದ್ದಿ ಬೆಳಿಗ್ಗೆ, ಊದಿದ ಕೆನ್ನೆ ಮಧ್ಯಾಹ್ನ. ಇನ್ನು ಸಾಕ್ಷಿ ಯಾಕೆ ಬೇಕು? “ನೋಡೋಕೆ ಹಸು ಹಾಗಿದಾಳೆ! ದಿಂಬಿನ ಚೀಲ ನನಗೆ ಎಷ್ಟು ಚೆನ್ನಾಗಿ ಹೊಲಿದುಕೊಟ್ಟಳು! ಆ ಕೈಯಲ್ಲೇ ಗಂಡನ್ನ ಹೊಡೀತಾಳೆ ಅಂದ್ರೆ...”

ಅವನು ಜೋರಾಗಿ ತಲೆಯಲ್ಲಾಡಿಸಿದ. ನೋವಾಗಿ ಕಣ್ಣಲ್ಲಿ ನೀರು ಬಂತು. ಆ ನೀರು ನೋಡಿ ಅಜ್ಜಿಯ ಕಣ್ಣಲ್ಲೂ ಬಂತು.

ಮೂರು ಗಂಟೆಯ ಹೊತ್ತಿಗೆ ಹೆಂಡತಿಯ ಬಳಿ ದಿಂಬಿನ ಚೀಲ ಹೊಲಿಯಲು ಕೊಟ್ಟಿದ್ದ ಇಬ್ಬರು ಹೆಂಗಸರು ಬಂದು, ಅರ್ಧ ಹೊಲಿದದ್ದನ್ನೂ ಕಿತ್ತುಕೊಂಡು, “ಪಾಪ, ಈಗ ನಿಮಗೆ ಮನಸ್ಸು ಸರಿಯಿರಲ್ಲ,” ಎಂದು ಹೇಳಿ ಹೋದರು. ಅಂಗಡಿಗೆ ಹೋದರೆ ದಿನಸಿಯವನು ಅವಳಿಗೆ ಲಟ್ಟಣಿಗೆ ಕೊಡಲು ಹಿಂದೆಮುಂದೆ ನೋಡಿದ. ಅವಳಿಗೆ ಏನೊಂದೂ ಅರ್ಥವಾಗಲಿಲ್ಲ. ಕೊನೆಗೆ ಅಜ್ಜಿಯೇ ಬಂದು ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದರು.

“ನೋಡಮ್ಮ, ಗಂಡಸು ಅಂದ್ಮೇಲೆ ತಪ್ಪು ಮಾಡ್ತಾನೆ. ಬೈದ್ಕೋ. ಕೈ ಮಾಡ್ಬಾರ್ದು. ಅವನು ವಕೀಲರ ಹತ್ರ ಹೋಗೋ ಮಟ್ಟಕ್ಕೆ ತಂದ್ಯಲ್ಲ!”

“ವಕೀಲರ ಹತ್ರಾನಾ?” ಹೆಂಡತಿ ಕತ್ತರಿ ಹಿಡಿದೇ ಎದ್ದಳು. “ರೀ!”

ಚಕ್ರಪಾಣಿ ಶೆಡ್ಡಿನ ಒಳಗಿನಿಂದ ಊದಿದ ಕೆನ್ನೆಯೊಂದಿಗೆ ಬಂದ.

“ನೀವು ವಕೀಲರ ಹತ್ರ ಹೋಗಿದ್ರಾ?”

ತಲೆ ಹೌದೆಂದಿತು.

“ಯಾಕೆ?”

ಅವನು ಬೆರಳಿನಿಂದ ಗಾಳಿಯಲ್ಲಿ ಎರಡು ಗೊಂಬೆ ಬರೆದು, ಅವುಗಳ ನಡುವೆ ಒಂದು ಗೆರೆ ಎಳೆದ. ಸಂಪರ್ಕ ಎಂದು ಅವನ ಅಭಿಪ್ರಾಯ. ಅಜ್ಜಿ ಅದನ್ನು ನೋಡಿ, “ಅಯ್ಯೋ ದೇವರೇ, ನಡುವೆ ಗೋಡೆ ಹಾಕ್ತಾನಂತೆ!” ಎಂದು ಬಾಗಿಲಿಗೆ ಒರಗಿಕೊಂಡರು.

ಅರ್ಧ ಗಂಟೆಯಲ್ಲಿ ಬಾಮೈದ ಬಂದಿಳಿದ. ಈ ಸಲ ಅವನು ಭಾವನ ಕೈ ಹಿಡಿಯಲಿಲ್ಲ. ಶೆಡ್ಡಿನಲ್ಲಿದ್ದ ಒಂದೇ ಗಟ್ಟಿಮುಟ್ಟಾದ ಕುರ್ಚಿಯನ್ನು ಎಳೆದುಕೊಂಡು ಕೂತ.

“ಅಲ್ಲ ಭಾವ, ನನ್ನ ಅಕ್ಕ ನಿಮಗೆ ಏನು ಕಮ್ಮಿ ಮಾಡಿದ್ಲು? ಅಕ್ಕ, ನೀನಾದ್ರೂ ಯಾಕೆ ಹೊಡೆಯೋಕೆ ಹೋದೆ? ಅದೂ ಬಲಗೈಯಲ್ಲಿ!”

“ಬಲಗೆನ್ನೆ ಊದಬೇಕು ಅಂದ್ರೆ ಎಡಗೈಯಲ್ಲಿ ಹೊಡೀಬೇಕು ಕಣೋ,” ಎಂದರು ಅಜ್ಜಿ, ಸತ್ಯಕ್ಕೆ ಅಪಚಾರವಾಗಬಾರದೆಂದು.

“ನಾನು ಯಾವ ಕೈಯಲ್ಲೂ ಹೊಡೆದಿಲ್ಲ!” ಹೆಂಡತಿ ಕಿರುಚಿದಳು. “ಆದ್ರೆ ಈಗ ಹೊಡೀಬೇಕು ಅನ್ನಿಸ್ತಿದೆ!”

ಸರಿಯಾಗಿ ಆ ಹೊತ್ತಿಗೆ, ಸಂಜೆಯ ಬೆಳಕಿನಲ್ಲಿ, ಷಟರಿನ ಮುಂದೆ ಮೂರು ನೆರಳು ಬಿದ್ದವು. ಬ್ಯಾಂಕ್ ಮ್ಯಾನೇಜರು, ವಕೀಲೆ, ಹಲ್ಲಿನ ಡಾಕ್ಟರು.

ಇದು ಆದದ್ದು ಹೀಗೆ. ಈ ಮೂವರೂ ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಹತ್ತಿ ಇಳಿದವರು. ಮೆಟ್ಟಿಲ ಮೇಲೆ ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರೇ ಹೊರತು ಒಂದು ಮಾತು ಆಡಿದವರಲ್ಲ. ಇವತ್ತು ಮಧ್ಯಾಹ್ನ ಮೂವರ ತಲೆಯಲ್ಲೂ ಒಂದೇ ಹುಳ. ಮೊದಲು ತಡೆಯಲಾರದೆ ಕೇಳಿದವರು ಡಾಕ್ಟರು: “ನಿಮ್ಮ ಹತ್ರಾನೂ ಒಬ್ಬ ಮನುಷ್ಯ ಬಂದಿದ್ನಾ? ಏನೂ ಬೇಡ ಅನ್ನೋನು?” ಅಲ್ಲಿಗೆ ಮೆಟ್ಟಿಲ ಮೇಲೆಯೇ ಸಭೆ ಸೇರಿತು. ಮ್ಯಾನೇಜರು ತನಿಖೆ ಎಂದರು. ಡಾಕ್ಟರು, ಇಲ್ಲ, ಅವನು ಕಟ್ಟಡ ಕೊಳ್ಳಲು ಬಂದು ಬಾಡಿಗೆದಾರರ ಗುಣ ಪರೀಕ್ಷೆ ಮಾಡುತ್ತಿದ್ದಾನೆ ಎಂದರು. ವಕೀಲೆ ಏನೂ ಹೇಳದೆ ಮರುಕದಿಂದ ತಲೆಯಾಡಿಸಿದರು. ಗುಮಾಸ್ತ ವಿಳಾಸ ಕೊಟ್ಟ. ಅವನು ಹೇಳದೆ ಉಳಿಸಿಕೊಂಡ ವಿಷಯ ಎಂದೂ ಯಾವುದೂ ಇರಲಿಲ್ಲ.

ತನಿಖಾಧಿಕಾರಿಯೂ ಕಟ್ಟಡದ ಯಜಮಾನನೂ ವಾಸಿಸುವ ಜಾಗ ಇದಲ್ಲವೆಂದು ಮ್ಯಾನೇಜರಿಗೂ ಡಾಕ್ಟರಿಗೂ ಮುರಿದ ಕುರ್ಚಿಗಳ ರಾಶಿ ನೋಡಿದೊಡನೆ ತಿಳಿಯಿತು. ವಕೀಲೆ ಮಾತ್ರ ಊದಿದ ಕೆನ್ನೆಯನ್ನೂ ಕತ್ತರಿ ಹಿಡಿದ ಹೆಂಡತಿಯನ್ನೂ ಒಟ್ಟಿಗೆ ನೋಡಿ ಒಂದು ಹೆಜ್ಜೆ ಮುಂದೆ ಬಂದರು.

“ಕತ್ತರಿ ಕೆಳಗಿಡಿ. ಇವರು ನನ್ನ ಕಕ್ಷಿದಾರರು.”

“ಇವರು ನನ್ನ ಗಂಡ!”

“ಕೆನ್ನೆ ನಂದು,” ಎಂದರು ಡಾಕ್ಟರು ಅವಸರದಲ್ಲಿ. “ಅಂದ್ರೆ, ಊದಿಸಿದ್ದು ನಾನು. ಹಲ್ಲು ಕಿತ್ತೆ.” ಆಮೇಲೆ ಚಕ್ರಪಾಣಿಯ ಬಳಿ ಬಂದು ಮೆಲ್ಲಗೆ, “ಕೆಳಗಡೆ, ಎಡಕ್ಕೆ, ಮೊದಲನೇ ದವಡೆ ಹಲ್ಲು ರೀ. ಮಧ್ಯಾಹ್ನದಿಂದ ಯೋಚನೆ ಮಾಡ್ತಿದ್ದೆ. ಶಾಶ್ವತ ಹಲ್ಲುಗಳಲ್ಲಿ ಮೊದಲು ಬರೋದು ಅದು, ಮೊದಲು ಕೆಡೋದೂ ಅದು, ಯಾರೂ ಅದರ ಕಡೆ ನೋಡಲ್ಲ. ಪಾಪ ಅನ್ನಿಸುತ್ತೆ,” ಎಂದರು.

“ಅದೆಲ್ಲ ಇರ್ಲಿ,” ಮ್ಯಾನೇಜರು ಗುಂಪಿನ ನಡುವೆ ನಿಂತರು. ಪೀಪಿ ತಂದಿರಲಿಲ್ಲ, ಆದರೂ ಎಲ್ಲರೂ ನಿಂತರು. “ಸ್ವಾಮಿ, ಇವತ್ತು ನನಗೆ ಊಟ ಸೇರಿಲ್ಲ. ನೇರವಾಗಿ ಹೇಳಿಬಿಡಿ. ನಿಮಗೆ ನಮ್ಮಿಂದ ಏನು ಬೇಕು?”

ಚಕ್ರಪಾಣಿ ಬಾಯಿಂದ ಹತ್ತಿ ತೆಗೆದ. ಬಾಮೈದನ ಮುಖ ನೋಡಿದ.

“ಹಣ್ಣಾಯ್ತಾ?”

“ಕೊಳೆತೇ ಹೋಯ್ತು ಭಾವ, ಹೇಳಿ!”

“ನಾನು ಕುರ್ಚಿ ರಿಪೇರಿ ಮಾಡ್ತೀನಿ,” ಎಂದ ಚಕ್ರಪಾಣಿ. “ಕುರ್ಚಿ ಕೆಟ್ಟಿದ್ರೆ ಕೊಡಿ.”

ಎದುರುಮನೆ ಅಜ್ಜಿಯ ಮುಖ ಬಾಡಿದಷ್ಟು ಬೇರೆ ಯಾರ ಮುಖವೂ ಬಾಡಲಿಲ್ಲ.

“ಇಷ್ಟೇನಾ?” ಎಂದರು ವಕೀಲೆ.

“ಇಷ್ಟು ಹೇಳೋಕೆ ಒಂದು ಹಲ್ಲು ಬೇಕಾಯ್ತಾ ರೀ?” ಎಂದಳು ಹೆಂಡತಿ. ಬಯ್ಯಬೇಕೆಂದು ಶುರುಮಾಡಿದ ಮಾತು ಅರ್ಧದಲ್ಲಿ ನಗುವಾಗಿ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆದರೆ ಹೇಳಿದ ಮಾತ್ರಕ್ಕೆ ಫಲ ಸಿಗಬೇಕಲ್ಲ? ಮ್ಯಾನೇಜರು ಕೈಚೆಲ್ಲಿದರು. ಬ್ಯಾಂಕಿನಲ್ಲಿ ಒಂದು ಗುಂಡುಸೂಜಿಯೂ ಕೇಂದ್ರ ಕಚೇರಿಯಿಂದಲೇ ಬರಬೇಕು, ಕುರ್ಚಿಯಂತೂ ಅವರ ಕೈಯಲ್ಲಿಲ್ಲ. ವಕೀಲೆಯದು ಅಪ್ಪನ ಕಾಲದ ಮರದ ಕುರ್ಚಿಗಳು, ಮೊಮ್ಮಕ್ಕಳ ಕಾಲಕ್ಕೂ ಕೆಡುವುದಿಲ್ಲ. ಡಾಕ್ಟರ ಕುರ್ಚಿಯನ್ನು ಕಂಪನಿಯವರಲ್ಲದೆ ಬೇರೆಯವರು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ.

ಬಾಮೈದ ಕೂತಲ್ಲೇ ಕಾಲು ಚಾಚಿದ. “ಹೋಗ್ಲಿ ಬಿಡಿ ಭಾವ. ಪ್ರಯತ್ನ ಮಾಡಿದ್ರಿ. ಒಂದನೇ ತಾರೀಕು ಬೆಳಿಗ್ಗೆ ಬಂದ್ಬಿಡಿ. ಮೊದಲ ದಿನ ಸಿಂಕು, ಎರಡನೇ ದಿನದಿಂದ ಕಮೋಡು.”

ಚಕ್ರಪಾಣಿ ತಲೆ ತಗ್ಗಿಸಿದ. ಅವನಿಗೆ ಇನ್ನೂ ಒಂದು ವಿಷಯ ತಿಳಿಯದೆ ಉಳಿದಿತ್ತು. ಗೋಡೌನ್ ಸೇರಿದ ಮೇಲೆ ಕೇಳಲು ಬಿಡುವು ಸಿಗುತ್ತದೋ ಇಲ್ಲವೋ.

“ಸರ್, ಆ ಸೆಮಿಫೈನಲ್‌ನಲ್ಲಿ ಏನಾಯ್ತು?”

ಹೊರಡಲು ತಿರುಗಿದ್ದ ಮ್ಯಾನೇಜರು ನಿಂತರು. ಕೆಲಸವಿಲ್ಲವೆಂದು ಗೊತ್ತಾದ ಮೇಲೂ ಕೇಳುತ್ತಾನಲ್ಲ ಈ ಮನುಷ್ಯ! ಅವರು ಒಂದು ಮುರುಕು ಕುರ್ಚಿಯ ಅಂಚಿನಲ್ಲಿ ಹುಷಾರಾಗಿ ಕೂತರು.

“ಪೀಪಿ ಊದ್ಬೇಕು ಅಂತ ಉಸಿರು ಎಳ್ಕೊಂಡೆ ನೋಡಿ, ಪೀಪಿ ಒಳಗಿನ ಗೋಲಿ ಗಂಟಲಿಗೆ ಹೋಯ್ತು! ಅವತ್ತಿಂದ ಊದೋದು ಬಿಟ್ಟೆ. ಆ ಮೈದಾನಾನೂ ಈಗಿಲ್ಲ, ಅಲ್ಲಿ ಟಾಕೀಸು ಕಟ್ಟಿದ್ರು. ಅದರ ಯಜಮಾನರು ವಾರಕ್ಕೊಂದ್ಸಲ ಬ್ಯಾಂಕಿಗೆ ಬಂದು ಗೋಳಾಡ್ತಾರೆ, ಜನಾನೇ ಬರ್ತಿಲ್ಲ ಅಂತ.”

“ಬರದೆ ಇರೋದೇ ಒಳ್ಳೇದು,” ಎಂದರು ಡಾಕ್ಟರು. “ಅಲ್ಲಿ ಸೀಟು ಸಮೇತ ಹಿಂದಕ್ಕೆ ಬಿದ್ದು ಹಲ್ಲು ಮುರ್ಕೊಂಡ ಒಬ್ಬರಿಗೆ ನಾನೇ ಹೊಸ ಹಲ್ಲು ಕಟ್ಟಿಕೊಟ್ಟಿದ್ದು.”

“ಆ ಮನುಷ್ಯ ನಿಮ್ಮ ಹತ್ರ ಬಂದಿದ್ರಾ!” ವಕೀಲೆ ಕನ್ನಡಕ ಏರಿಸಿದರು. “ಆ ಕೇಸು ನನ್ನ ಹತ್ರಾನೇ ಇದೆ. ಟಾಕೀಸಿನವರ ಕಡೆಯಿಂದ ನಾನು. ಸೀಟು ಸರಿ ಮಾಡಿಸಿ, ಸರಿ ಮಾಡಿಸಿ ಅಂತ ಬಡ್ಕೊಂಡೆ. ಈ ಊರಲ್ಲಿ ಸೀಟು ರಿಪೇರಿ ಮಾಡೋರು ಯಾರಿದ್ದಾರೆ ಮೇಡಂ ಅಂತ ಅವರು ನನ್ನನ್ನೇ...”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂವರೂ ಚಕ್ರಪಾಣಿಯನ್ನು ನೋಡಿದರು. ಚಕ್ರಪಾಣಿ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ.

ವಕೀಲೆ ಅಲ್ಲೇ ಫೋನು ಹಚ್ಚಿದರು. “ಹಾಂ, ನಾನೇ... ಸಿಕ್ಕಿದ್ದಾರೆ... ಹೌದು, ನಂಬಿಕಸ್ಥರು. ಎಷ್ಟು ನಂಬಿಕಸ್ಥರು ಅಂದ್ರೆ, ಬಾಯೇ ಬಿಡಲ್ಲ...” ಫೋನಿಗೆ ಕೈ ಅಡ್ಡವಿಟ್ಟು ಇತ್ತ ತಿರುಗಿದರು. “ನಾಳೆ ಬೆಳಿಗ್ಗೇನೇ ಬರ್ಬೇಕಂತೆ. ಮೊದಲು ಬಾಲ್ಕನಿ. ಅದು ಸರಿಹೋದ್ರೆ ಪೂರ್ತಿ ಹಾಲ್. ಕವರೂ ಹೊಸದಾಗಬೇಕಂತೆ. ತಗೊಳ್ಳಿ, ಮಾತಾಡಿ.”

‘ಕವರು’ ಎಂಬ ಮಾತು ಕಿವಿಗೆ ಬಿದ್ದದ್ದೇ ಹೆಂಡತಿ ಮಿಷಿನ್ ಮೇಲಿದ್ದ ದಿಂಬಿನ ಚೀಲವನ್ನು ಆಚೆ ತಳ್ಳಿದಳು. ಚಕ್ರಪಾಣಿ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡ. ಅವನು ಗಂಟಲು ಸರಿಮಾಡಿಕೊಂಡು, ಊದಿದ ಕೆನ್ನೆಯಿಂದಲೇ ಆದಷ್ಟು ಸ್ಪಷ್ಟವಾಗಿ ಕೇಳಿದ:

“ನಮಸ್ಕಾರ ಸ್ವಾಮಿ. ಚಿಕ್ಕವರಿದ್ದಾಗ ನೀವು ಏನಾಗಬೇಕು ಅಂದ್ಕೊಂಡಿದ್ರಿ?”

“ಅಯ್ಯೋ ನಿಮ್ಮ!” ಹೆಂಡತಿ ಹಾರಿ ಬಂದು ಫೋನು ಕಿತ್ತುಕೊಂಡಳು. “ಹಲೋ, ಹಲೋ, ತಪ್ಪು ತಿಳ್ಕೋಬೇಡಿ, ನಾನು ಅವರ ಮನೆಯವಳು. ಸೀಟು ಎಷ್ಟಿವೆ ಅಂತ... ಹಾಂ?... ಹೌದಾ?” ಅವಳ ಹುಬ್ಬು ಮೆಲ್ಲಗೆ ಮೇಲೇರಿತು. “ಹಡಗಿನ ಕೆಲಸಕ್ಕಾ?... ಮನೆಯಿಂದ ಹೇಳದೆ ಕೇಳದೇನಾ?... ಅಯ್ಯೋ ಪಾಪ... ಅಮ್ಮ ಏನಂದ್ರು?”

“ಅಕ್ಕ, ಅಳತೆ ಕೇಳು, ಅಳತೆ!” ಎಂದ ಬಾಮೈದ.

ಅವಳು ಅವನ ಬಾಯಿಗೆ ಅಡ್ಡವಾಗಿ ಬೆರಳೆತ್ತಿದಳು. “ನೀವು ಹೇಳಿ ಅಣ್ಣಾ. ಆಮೇಲೆ?”

ಕಥೆ ಉದ್ದವಿರುವಂತೆ ಕಂಡಿತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ತಮ್ಮನ ಮುಂದೆ ಬಂದು ನಿಂತಳು, ಏಳು ಎಂದು ಕೈಸನ್ನೆ ಮಾಡಿದಳು. ಬಾಮೈದ ಎದ್ದ. ಅವಳು ಕುರ್ಚಿಯನ್ನು ತನ್ನತ್ತ ತಿರುಗಿಸಿಕೊಂಡು ಆರಾಮವಾಗಿ ಕೂತಳು.